ಗೊತ್ತಿರುವ ಕಡಲು, ಗೊತ್ತಿಲ್ಲದ ದಾರಿ: ಆರ್‌ವಿಯಲ್ಲಿ ನಿಧಾನ ಪ್ರವಾಸಕ್ಕೊಂದು ಮಾರ್ಗದರ್ಶಿ

ಪ್ರವಾಸ ಹೊರಡಬೇಕು ಅಂದಕೂಡಲೇ ಎಲ್ಲರೂ ನಕ್ಷೆ ಬಿಡಿಸುತ್ತಾರೆ. ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಇರಬಹುದಾದ ಮನೆಗಾಡಿ, ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ನೀರಿನ ಟ್ಯಾಂಕು. 100 ಲೀಟರಿನ ಟ್ಯಾಂಕು, ಗಾಡಿಯಲ್ಲಿ ಇಬ್ಬರು. ಕುಡಿಯಲು, ಅಡುಗೆಗೆ, ಪಾತ್ರೆಗೆ, ಮೈಗೆ ಎಲ್ಲ ಸೇರಿ ತಲೆಗೆ ದಿನಕ್ಕೆ 12 ಲೀಟರ್ ಎಂದು ಕೈ ಬಿಗಿಹಿಡಿದರೂ ನಾಲ್ಕನೇ ದಿನ ಸಂಜೆಗೆ ನಲ್ಲಿ ಕೆಮ್ಮತೊಡಗುತ್ತದೆ. ನಿಮ್ಮ ಪ್ರವಾಸವನ್ನು ಕಿಲೋಮೀಟರಿನಲ್ಲಿ ಅಳೆಯುವ ಬದಲು ಈ ನಾಲ್ಕು ದಿನದ ತುಂಡುಗಳಲ್ಲಿ ಅಳೆಯಿರಿ. ಒಂದು ಕಡೆ ಹೋಗಿ ನಿಲ್ಲುವುದು, ಅಲ್ಲೇ ಮೂರು ನಾಲ್ಕು ದಿನ ಇರುವುದು, ನೀರು ತುಂಬಿಸಿ ಕೊಳೆ ಖಾಲಿ ಮಾಡಿ ಮುಂದಿನ ತಾಣಕ್ಕೆ ಹೊರಡುವುದು. ನಿಧಾನ ಪ್ರವಾಸ ಅಂದರೆ ಇಷ್ಟೇ. ಗಾಡಿ ಮೆಲ್ಲಗೆ ಓಡಿಸುವುದಕ್ಕೂ ಅದಕ್ಕೂ ಅಂಥ ಸಂಬಂಧವಿಲ್ಲ.

ನಾನು ಹಲವು ವರ್ಷಗಳಿಂದ ಒಂದೇ ಕಡಲತೀರದ ನಾಲ್ಕೈದು ಜಾಗಗಳಿಗೆ ಮತ್ತೆ ಮತ್ತೆ ಹೋಗುತ್ತೇನೆ. ಬೇಜಾರಾಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಹೊಸ ಜಾಗದಲ್ಲಿ ಮೊದಲ ದಿನವೆಲ್ಲ ಹುಡುಕಾಟದಲ್ಲೇ ಕಳೆದುಹೋಗುತ್ತದೆ: ನೀರೆಲ್ಲಿ, ನೆಲ ಎಲ್ಲಿ ಗಟ್ಟಿ, ಗಾಳಿ ಯಾವ ಕಡೆಯಿಂದ, ಗಾಡಿ ತಿರುಗಿಸುವುದೆಲ್ಲಿ. ಗೊತ್ತಿರುವ ಜಾಗದಲ್ಲಿ ಬಂದ ಹತ್ತು ನಿಮಿಷಕ್ಕೆ ಕುರ್ಚಿ ಹೊರಗಿಟ್ಟು ಕೂತಿರುತ್ತೀರಿ. ಹಾಗಾಗಿ ನನ್ನ ಲೆಕ್ಕ ಸುಲಭ: ರಾತ್ರಿ ತಂಗಲು ಗೊತ್ತಿರುವ ಜಾಗ, ಹಗಲು ಸುತ್ತಲು ಗೊತ್ತಿಲ್ಲದ ದಾರಿ. ಎರಡೂ ಹೊಸದಾದರೆ ಸುಸ್ತು, ಎರಡೂ ಹಳತಾದರೆ ಮನೆಯಲ್ಲೇ ಇರಬಹುದಿತ್ತು.

ಹೆಜ್ಜೆ 1: ಗಾಡಿಯ ಮೈ ಅಳೆಯಿರಿ

ಕೈಪಿಡಿಯಲ್ಲಿ ಬರೆದ ಎತ್ತರವನ್ನು ನಂಬಬೇಡಿ. ಚಾವಣಿಯ ಮೇಲೆ ಆಮೇಲೆ ಕೂರಿಸಿದ ಏಸಿ, ಸೋಲಾರ್ ಪ್ಯಾನೆಲ್, ಆಂಟೆನಾ ಯಾವುದೂ ಆ ಲೆಕ್ಕದಲ್ಲಿ ಇರುವುದಿಲ್ಲ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಅತಿ ಎತ್ತರದ ಭಾಗದ ಮೇಲೆ ಉದ್ದನೆಯ ಪಟ್ಟಿ ಅಡ್ಡ ಇಟ್ಟು, ನೆಲದವರೆಗೆ ಟೇಪು ಇಳಿಬಿಡಿ. ಬಂದ ಸಂಖ್ಯೆಗೆ 10 ಸೆಂಟಿಮೀಟರ್ ಸೇರಿಸಿ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರಿಗೇ ಅಂಟಿಸಿ. ಅಗಲವನ್ನು ಪಕ್ಕದ ಕನ್ನಡಿಗಳನ್ನೂ ಸೇರಿಸಿ ಅಳೆಯಿರಿ. ಒಳರಸ್ತೆಯಲ್ಲಿ ಮೊದಲು ತಾಗುವುದು ಕನ್ನಡಿಯೇ.

ತೂಕದ್ದು ಇನ್ನೊಂದು ಕಥೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತುಂಬಿದ 100 ಲೀಟರ್ ಟ್ಯಾಂಕೆಂದರೆ ಒಂದು ಕ್ವಿಂಟಲ್. ಅದರ ಮೇಲೆ ಸೈಕಲ್ಲು, ಪುಸ್ತಕ, ಗ್ಯಾಸ್ ಸಿಲಿಂಡರ್, 'ಇರಲಿ, ಬೇಕಾದೀತು' ಅಂತ ತುರುಕಿದ ಸಾಮಾನು. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್ ಹಿಡಿದು ಓಡಿಸುವ ಗಾಡಿಗಳಿಗೆ 3,500 ಕಿಲೋ ಮಿತಿ ಎಂಬ ರೂಢಿಯ ಲೆಕ್ಕದಲ್ಲೇ ಎಷ್ಟೋ ಮೋಟರ್‌ಹೋಮ್‌ಗಳನ್ನು ಕಟ್ಟಿದ್ದಾರೆ. ಇಬ್ಬರು ಹತ್ತಿ, ಟ್ಯಾಂಕು ತುಂಬಿಸುವ ಹೊತ್ತಿಗೆ ಅವು ಮಿತಿಯ ಅಂಚಿಗೆ ಬಂದಿರುತ್ತವೆ. ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ ವೇಬ್ರಿಡ್ಜ್ ಮೇಲೆ ಒಮ್ಮೆ ಹತ್ತಿಸಿ. ಒಟ್ಟು ತೂಕ ಒಂದೇ ಸಾಲದು, ಮುಂದಿನ ಆಕ್ಸಲ್‌ಗೆಷ್ಟು, ಹಿಂದಿನದಕ್ಕೆಷ್ಟು ಎಂದೂ ಬೇರೆಬೇರೆ ನೋಡಿ. ಒಟ್ಟು ಸರಿಯಿದ್ದು ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು ಬಹಳ ಸಾಮಾನ್ಯ. ಟೈರಿನ ಗಾಳಿಯನ್ನು ಆ ತೂಕ ನೋಡಿ ನಿರ್ಧರಿಸಬೇಕು, ಅದೂ ಗಾಡಿ ಓಡದೆ ಟೈರು ತಣ್ಣಗಿರುವಾಗ.

ಟೈರಿನ ವಯಸ್ಸನ್ನೂ ನೋಡಿಕೊಳ್ಳಿ. ಪಕ್ಕದಲ್ಲಿ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರ್‌ವಿಗಳ ಟೈರು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಬಿಸಿಲಿಗೆ ಬಿರುಕು ಬಿಟ್ಟು ಹಾಳಾಗುವುದೇ ಹೆಚ್ಚು. ನಮ್ಮಂತೆ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ ಆದವರಿಗಂತೂ ಟೈರಿನ ಮೇಲಿನ ಅಚ್ಚು (ಟ್ರೆಡ್) ಹೊಸದರಂತೆ ಕಾಣುತ್ತಲೇ ರಬ್ಬರು ಮುದಿಯಾಗಿರುತ್ತದೆ.

ಹೆಜ್ಜೆ 2: ದಿನದ ಓಟಕ್ಕೆ ಮಿತಿ ಹಾಕಿ

ಅಮೆರಿಕದ ಆರ್‌ವಿ ಮಂದಿಯಲ್ಲಿ ಮೂರು-ಮೂರು-ಮೂರು ಎಂಬ ಲೆಕ್ಕವಿದೆ: ದಿನಕ್ಕೆ 300 ಮೈಲಿ ದಾಟಬೇಡಿ, ಮಧ್ಯಾಹ್ನ 3 ಗಂಟೆಯೊಳಗೆ ತಲುಪಿ, ಹೋದಲ್ಲಿ 3 ರಾತ್ರಿಯಾದರೂ ಇರಿ. ಕೊನೆಯ ಎರಡಕ್ಕೆ ನನ್ನ ಒಪ್ಪಿಗೆಯಿದೆ. 300 ಮೈಲಿ ಎಂದರೆ 480 ಕಿ.ಮೀ. ದಾಟುತ್ತದೆ, ಅದು ಹೆದ್ದಾರಿಯ ಲೆಕ್ಕ. ಒಳರಸ್ತೆಯಲ್ಲಿ ಗಂಟೆಗೆ 35ರಿಂದ 40 ಕಿ.ಮೀ. ಸರಾಸರಿ ಸಿಕ್ಕಿದರೆ ದೊಡ್ಡದು. 120 ಕಿ.ಮೀ. ಆಯಿತೆಂದರೆ ನಡುವೆ ನಿಂತು ನೋಡಿದ್ದೆಲ್ಲ ಸೇರಿ ಆ ದಿನ ಮುಗಿದಂತೆ.

ಮೂರು ಗಂಟೆಯೊಳಗೆ ಎನ್ನುವುದನ್ನು ಮಾತ್ರ ಸಡಿಲ ಮಾಡಬೇಡಿ. ಬೆಳಕಿರುವಾಗ ತಲುಪಿದರೆ ನೆಲ ನೋಡಬಹುದು, ಜಾಗ ಸರಿಯಿಲ್ಲದಿದ್ದರೆ ಇನ್ನೊಂದಕ್ಕೆ ಹೋಗಲು ಹೊತ್ತಿರುತ್ತದೆ. ಕತ್ತಲಲ್ಲಿ ಬಂದವರು ಸಿಕ್ಕಿದ್ದಕ್ಕೆ ತೃಪ್ತಿಪಟ್ಟು ಬೆಳಿಗ್ಗೆ ಎದ್ದು ಚಕ್ರದ ಕೆಳಗೆ ಕೆಸರು ನೋಡುತ್ತಾರೆ.

ಹೆಜ್ಜೆ 3: ಒಳರಸ್ತೆಗೆ ಇಳಿಯುವ ಮುನ್ನ

ನನ್ನ ಮೊದಲ ವರ್ಷದ ಕಥೆಯಿದು. ಫೋನಿನ ನಕ್ಷೆ ಕಡಲಿಗೊಂದು ಅಡ್ಡದಾರಿ ತೋರಿಸಿತು. ಹತ್ತು ನಿಮಿಷ ಉಳಿಯುತ್ತದಂತೆ. ಎರಡೂ ಕಡೆ ಬೇಲಿ, ದಾರಿ ಹೋಗ್ತಾ ಹೋಗ್ತಾ ಕಿರಿದಾಗಿ, ಕೊನೆಗೆ ಕಲ್ಲಿನ ಎರಡು ಕಂಬಗಳ ನಡುವೆ ಒಂದು ಗೇಟು. ತಿರುಗಿಸಲು ಜಾಗವಿಲ್ಲ. ಹೆಚ್ಚುಕಡಿಮೆ ಒಂದು ಕಿಲೋಮೀಟರ್ ರಿವರ್ಸ್‌ನಲ್ಲೇ ಬಂದೆ. ಹೆಂಡತಿ ಗಾಡಿಯ ಹಿಂದೆ ನಡೆಯುತ್ತಾ, "ಕನ್ನಡಿಯಲ್ಲಿ ನಾನು ಕಾಣದೇ ಹೋದರೆ ಅಲ್ಲೇ ನಿಲ್ಲಿಸಿಬಿಡಿ, ನಾನು ಏನು ಕೂಗ್ತಿದೀನಿ ಅಂತ ಊಹೆ ಮಾಡಬೇಡಿ" ಎಂದಿದ್ದಳು. ಹಿಂದೆ ನಿಂತು ದಾರಿ ತೋರಿಸುವವರಿಗೂ ಓಡಿಸುವವರಿಗೂ ಇದಕ್ಕಿಂತ ಒಳ್ಳೆಯ ಒಪ್ಪಂದ ನನಗೆ ಇನ್ನೂ ಸಿಕ್ಕಿಲ್ಲ. ಹತ್ತು ನಿಮಿಷ ಉಳಿಸಲು ಹೋಗಿ ಒಂದೂವರೆ ಗಂಟೆ ಕಳೆದೆವು.

ಆವತ್ತಿನಿಂದ ಒಂದೇ ನಿಯಮ: ಎಲ್ಲಿ ತಿರುಗಿಸುತ್ತೇನೆ ಎನ್ನುವುದು ಗೊತ್ತಿಲ್ಲದ ರಸ್ತೆಗೆ ಇಳಿಯುವುದಿಲ್ಲ. ಹಿಂದಿನ ರಾತ್ರಿ ಉಪಗ್ರಹ ಚಿತ್ರ ತೆರೆದು ದಾರಿಯುದ್ದಕ್ಕೂ ನೋಡಿ. ಅಡ್ಡರಸ್ತೆಯ ಕೂಡು, ಅಗಲವಾದ ಅಂಗಳ, ವಾಹನ ನಿಲ್ಲಿಸುವ ಬಯಲು, ಹೀಗೆ ಗಾಡಿ ತಿರುಗಬಲ್ಲ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಸೇತುವೆಗಳಿದ್ದರೆ ಎತ್ತರ ಮತ್ತು ಭಾರದ ಮಿತಿ ಹುಡುಕಿ. ಕಾರಿಗೆಂದು ಮಾಡಿದ ಜಿಪಿಎಸ್‌ಗೆ ನಿಮ್ಮ ಎತ್ತರ ಗೊತ್ತಿರುವುದಿಲ್ಲ. ಗಾಡಿಯ ಅಳತೆ ತುಂಬಿಸಿ ದಾರಿ ಕೇಳುವಂಥ ನ್ಯಾವಿಗೇಷನ್ ಸಿಗುತ್ತದೆ, ಅದನ್ನು ಬಳಸಿ. ಅದೂ ತಪ್ಪುತ್ತದೆ, ಆದರೆ ಕಡಿಮೆ. ಕಡಲ ಪಕ್ಕದ ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗದ ಕಡೆ ಬಹಳ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಅನುಮಾನ ಬಂದರೆ ಗಾಡಿ ನಿಲ್ಲಿಸಿ ಮುಂದಿನ ತಿರುವಿನವರೆಗೆ ನಡೆದು ಹೋಗಿ ನೋಡಿ. ಸೈಕಲ್ ಇದ್ದರೆ ಇನ್ನೂ ಒಳ್ಳೆಯದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಓಡಿಸುವಾಗ ಹೊಸಬರನ್ನು ಕಾಡುವುದು ಗಾಡಿಯ ಬಾಲ. ಹಿಂದಿನ ಚಕ್ರದ ಆಚೆಗೆ ಎರಡು ಮೀಟರ್ ಚಾಚಿಕೊಂಡಿರುವ ಗಾಡಿಯನ್ನು ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೊಡೆಯುತ್ತದೆ. ಕಂಬದ ಪಕ್ಕ ನಿಲ್ಲಿಸಿ, ಹೊರಡುವಾಗ ಪೂರ್ತಿ ತಿರುಗಿಸಿದವರ ಗಾಡಿಗಳ ಹಿಂಬದಿಯ ಗೀರು ನೋಡಿದರೇ ಗೊತ್ತಾಗುತ್ತದೆ. ಖಾಲಿ ಮೈದಾನದಲ್ಲಿ ನೆಲಕ್ಕೆ ಗೆರೆ ಎಳೆದು ನಿಮ್ಮ ಗಾಡಿಯ ಬಾಲ ಎಷ್ಟು ಆಚೆ ಹೋಗುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಇಳಿಜಾರಿನಲ್ಲಿ ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದರೆ ಅದು ಕಾದು, ತಳ ಮುಟ್ಟುವಷ್ಟರಲ್ಲಿ ಹಿಡಿತ ಬಿಟ್ಟಿರುತ್ತದೆ.

ನಿಧಾನ ನಮ್ಮ ಆಯ್ಕೆ, ಹಿಂದಿನವರದ್ದಲ್ಲ. ಸ್ಕಾಟ್ಲೆಂಡಿನ ಒಂದೇ ಗಾಡಿ ಅಗಲದ ರಸ್ತೆಗಳಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಸರಿಯುವ ತಾಣಗಳಿವೆ. ಅವು ಎದುರಿನವರಿಗೆ ದಾರಿ ಬಿಡಲು ಮಾತ್ರವಲ್ಲ, ಹಿಂದಿನಿಂದ ಬಂದವರನ್ನು ಮುಂದೆ ಬಿಡಲೂ ಇವೆ; ಅಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತ ಕೂರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎರಡು ಪಥದ ರಸ್ತೆಯಲ್ಲಿ ನಿಧಾನ ಹೋಗುವವರ ಹಿಂದೆ ಐದು ಗಾಡಿ ಸಾಲುಗಟ್ಟಿದರೆ ಸುರಕ್ಷಿತ ಜಾಗ ಸಿಕ್ಕಕೂಡಲೇ ಪಕ್ಕಕ್ಕೆ ಸರಿಯಬೇಕೆಂದು ಕಾನೂನೇ ಹೇಳುತ್ತದೆ. ನನಗೆ ಐದೂ ಹೆಚ್ಚು. ಕನ್ನಡಿಯಲ್ಲಿ ಇಬ್ಬರು ಕಂಡರೆ ಸರಿದುಬಿಡುತ್ತೇನೆ, ಅವರೂ ಆರಾಮ, ನಾನೂ ಆರಾಮ.

ಹೆಜ್ಜೆ 4: ಕಡಲ ಪಕ್ಕದಲ್ಲಿ ನಿಲ್ಲುವುದು

ಎಲ್ಲಕ್ಕಿಂತ ಮೊದಲು, ಅಲ್ಲಿ ರಾತ್ರಿ ಇರಬಹುದೇ ಎಂದು ಕೇಳಿ. ಐಸ್‌ಲೆಂಡಿನಲ್ಲಿ ಕ್ಯಾಂಪರ್ ವ್ಯಾನ್ ಹಾಕಿಕೊಂಡು ಮಲಗಲು ಕ್ಯಾಂಪಿಂಗ್ ತಾಣಕ್ಕೇ ಹೋಗಬೇಕು, ಇಲ್ಲವೇ ಜಮೀನಿನ ಒಡೆಯರ ಒಪ್ಪಿಗೆ ಬೇಕು. ರಸ್ತೆ ಬಿಟ್ಟು ಗಾಡಿ ಇಳಿಸುವುದಂತೂ ಅಪರಾಧ. ಫ್ರಾನ್ಸಿನ ಊರೂರಲ್ಲಿ ಮೋಟರ್‌ಹೋಮ್‌ಗಳಿಗೆಂದೇ ನೀರು, ಕೊಳೆನೀರಿನ ವ್ಯವಸ್ಥೆ ಮಾಡಿದ ತಂಗುದಾಣಗಳಿವೆ. ಒಂದು ದೇಶದ ರೂಢಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯಬೇಡಿ. ಹೋದ ವರ್ಷ ಬಿಟ್ಟ ಜಾಗದಲ್ಲಿ ಈ ವರ್ಷ ಫಲಕ ನೆಟ್ಟಿರಬಹುದು, ಅದನ್ನು ಓದದೆ ಎಂಜಿನ್ ಆರಿಸಬೇಡಿ.

ಆಮೇಲೆ ಉಬ್ಬರ-ಇಳಿತದ ಪಟ್ಟಿ. ಹೆಚ್ಚಿನ ತೀರಗಳಲ್ಲಿ ದಿನಕ್ಕೆರಡು ಬಾರಿ ನೀರು ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನವೂ ಹೊತ್ತು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಸರಿಯುತ್ತದೆ. ನಿನ್ನೆ ಐದು ಗಂಟೆಗೆ ಇಲ್ಲಿ ನೀರಿರಲಿಲ್ಲ ಎಂಬ ಧೈರ್ಯ ಇಂದಿಗೆ ಸಲ್ಲುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಕೆ ಹೆಚ್ಚು. ಏರುವಿಕೆಯೂ ಒಂದೇ ಸಮನಿಲ್ಲ. ಆರು ಮೀಟರ್ ಏರುವ ಕಡೆ ಮೊದಲ ಗಂಟೆಯಲ್ಲಿ ಅರ್ಧ ಮೀಟರ್, ಎರಡನೆಯದರಲ್ಲಿ ಒಂದು, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಒಂದೂವರೆ ಒಂದೂವರೆ, ಮತ್ತೆ ಒಂದು, ಮತ್ತೆ ಅರ್ಧ. ಇದು ನಾವಿಕರ ಅಂದಾಜು ಲೆಕ್ಕ. ಮೊದಲ ಗಂಟೆ ನೋಡಿ 'ಇಷ್ಟೇನಾ' ಅಂದುಕೊಂಡವರನ್ನು ಮೂರನೇ ಗಂಟೆ ಹಿಡಿಯುತ್ತದೆ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪದ ರಸ್ತೆಯಾಗಲಿ, ಫ್ರಾನ್ಸಿನ ನಾಲ್ಕು ಕಿಲೋಮೀಟರಿಗೂ ಉದ್ದದ ಪಸಾಜ್ ದ್ಯು ಗ್ವಾ ಆಗಲಿ, ಇಳಿತದಲ್ಲಿ ರಸ್ತೆ, ಉಬ್ಬರದಲ್ಲಿ ಸಮುದ್ರ. ದಾಟುವ ಹೊತ್ತನ್ನು ಫಲಕದಲ್ಲಿ ಬರೆದಿದ್ದರೂ ಸಿಕ್ಕಿಬೀಳುವವರು ಸಿಕ್ಕಿಬೀಳುತ್ತಲೇ ಇದ್ದಾರೆ.

ಮರಳಿಗೆ ಇಳಿಯಬೇಡಿ. ಒಣಗಿದ ಮೇಲ್ಪದರ ಗಟ್ಟಿಯಂತೆ ಕಂಡರೂ ಮೂರು ಟನ್ನಿನ ಗಾಡಿಗೆ ಅದು ಪುಡಿ. ಹುಲ್ಲೂ ಅಷ್ಟೇ ಮೋಸ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಚಕ್ರ ಸುಮ್ಮನೆ ಸುತ್ತುತ್ತದೆ. ಹೂತಿತು ಅನ್ನಿಸಿದ ಕ್ಷಣ ಆಕ್ಸಲರೇಟರ್ ಬಿಡಿ, ಒತ್ತಿದಷ್ಟೂ ಆಳಕ್ಕೆ ಹೋಗುತ್ತೀರಿ. ಚಕ್ರದ ಮುಂದಿನ ಮರಳು ತೋಡಿ, ಹಲಗೆ ಕೊಟ್ಟು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಮೆಲ್ಲಗೆ ಹೊರಬನ್ನಿ. ಗಾಳಿ ಮತ್ತೆ ತುಂಬಿಸಲು ಪಂಪು ನಿಮ್ಮ ಬಳಿಯೇ ಇದ್ದರೆ ಮಾತ್ರ ಇಳಿಸಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಗಾಳಿ ಅಂದಮೇಲೆ ಕಡಲ ಗಾಳಿಯ ಮಾತು. ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ನಂತರ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ತಿರುವುಮುರುವಾಗುತ್ತದೆ. ಬೆಳಿಗ್ಗೆಯ ಶಾಂತಿ ನೋಡಿ ಗಾಡಿಯ ಪಕ್ಕಕ್ಕೆ ಬಿಚ್ಚಿದ ಬಟ್ಟೆಯ ಚಪ್ಪರ ಮಧ್ಯಾಹ್ನ ಹಾರಿಹೋಗುವುದು ಹೀಗೇ. ಗಾಡಿ ಬಿಟ್ಟು ಸುತ್ತಾಡಲು ಹೋಗುವಾಗ, ಮಲಗುವಾಗ ಅದನ್ನು ಮಡಚಿಯೇ ಹೋಗಿ. ಜೋರು ಗಾಳಿಯ ರಾತ್ರಿ ಗಾಡಿಯ ಮೂತಿ ಗಾಳಿಗೆ ಎದುರಾಗಿರಲಿ, ಅಡ್ಡ ನಿಂತರೆ ರಾತ್ರಿಯಿಡೀ ತೊಟ್ಟಿಲು. ರಸಮಟ್ಟ ಇಟ್ಟು ನೆಲ ನೋಡಿ, ವಾಲಿದ ಕಡೆ ಚಕ್ರದ ಕೆಳಗೆ ಅಡ್ಡೆ, ಅಂದರೆ ಎತ್ತರಿಸುವ ತುಂಡು, ಕೊಡಿ. ನಿದ್ದೆಗಷ್ಟೇ ಅಲ್ಲ, ಗ್ಯಾಸಿನಲ್ಲಿ ನಡೆಯುವ ಫ್ರಿಜ್ ವಾಲಿದರೆ ಸರಿಯಾಗಿ ತಂಪು ಮಾಡುವುದಿಲ್ಲ.

ಹೆಜ್ಜೆ 5: ನಿಂತಲ್ಲೇ ದಿನ ದೂಡುವ ಲೆಕ್ಕ

ಮೊದಲಲ್ಲಿ ನೀರಿನ ಟ್ಯಾಂಕು ಅಂದೆ. ನಿಜ ಹೇಳಬೇಕೆಂದರೆ ಕ್ಯಾಸೆಟ್ ಟಾಯ್ಲೆಟ್ (ಕೊಳೆಯ ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವಂಥದ್ದು) ಇರುವ ಗಾಡಿಗಳಲ್ಲಿ ಅದೇ ಮೊದಲು ತುಂಬುತ್ತದೆ. 17ರಿಂದ 20 ಲೀಟರಿನ ಕ್ಯಾಸೆಟ್ಟು ಇಬ್ಬರಿಗೆ ಎರಡು, ಹೆಚ್ಚೆಂದರೆ ಮೂರು ದಿನ. ಇನ್ನೊಂದು ಕ್ಯಾಸೆಟ್ ಇಟ್ಟುಕೊಂಡರೆ ನೀರಿನ ಲೆಕ್ಕಕ್ಕೆ ಸರಿಹೋಗುತ್ತದೆ. ದೊಡ್ಡ ಗಾಡಿಗಳಲ್ಲಿ ಟಾಯ್ಲೆಟ್ ಟ್ಯಾಂಕು, ಪಾತ್ರೆ-ಸ್ನಾನದ ನೀರಿನ ಟ್ಯಾಂಕು ಬೇರೆಬೇರೆ. ಖಾಲಿ ಮಾಡುವಾಗ ಟಾಯ್ಲೆಟ್ಟಿನದನ್ನು ಮೊದಲು ಬಿಟ್ಟು, ಸೋಪುನೀರನ್ನು ಆಮೇಲೆ ಬಿಡಿ, ಪೈಪು ತಾನಾಗಿ ತೊಳೆದುಕೊಳ್ಳುತ್ತದೆ. ಕುಡಿಯುವ ನೀರಿನ ಪೈಪನ್ನು ಇವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಸೋಪುನೀರೂ ಮರಳಿಗೆ ಹೋಗಬಾರದು. ಕಡಲು ದೊಡ್ಡದು ಎಂಬ ವಾದ ಬೇಡ.

ಕರೆಂಟಿನ ವಿಷಯದಲ್ಲಿ ನಿಧಾನ ಪ್ರವಾಸಕ್ಕೊಂದು ತೊಡಕಿದೆ. ದಿನವೂ ಓಡಿಸುವವರ ಬ್ಯಾಟರಿಯನ್ನು ಎಂಜಿನ್ನೇ ತುಂಬಿಸುತ್ತದೆ. ನಾಲ್ಕು ದಿನ ನಿಂತವರಿಗೆ ಆ ಭಾಗ್ಯವಿಲ್ಲ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವಾಟ್-ಅವರ್ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಇನ್ನೂ ಕೆಳಗಿಳಿಸಿದರೆ ಆಯುಸ್ಸು ಕುಗ್ಗುತ್ತದೆ. ಕಂಪ್ರೆಸರ್ ಫ್ರಿಜ್ ಬೇಸಗೆಯಲ್ಲಿ ಒಂದೇ ದಿನಕ್ಕೆ 400ರಿಂದ 600 ವಾಟ್-ಅವರ್ ನುಂಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80 ಪ್ರತಿಶತಕ್ಕೂ ಹೆಚ್ಚು ಬಳಸಬಹುದು, ತೂಕವೂ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಚಾವಣಿಯ 100 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 300ರಿಂದ 400 ವಾಟ್-ಅವರ್ ಕೊಟ್ಟೀತು. ಕಡಲಿನಿಂದ ಮಂಜು ಎದ್ದು ಮಧ್ಯಾಹ್ನದವರೆಗೂ ಕವಿದಿರುವ ತೀರದಲ್ಲಿ ಆ ಲೆಕ್ಕ ಹಿಡಿದರೆ ಕೆಡುತ್ತೀರಿ. ಮೂರನೇ ದಿನದ ಒಳರಸ್ತೆ ಸುತ್ತಾಟಕ್ಕೆ ಸೈಕಲ್ ಬಿಟ್ಟು ಗಾಡಿಯನ್ನೇ ತೆಗೆದರೆ ಬ್ಯಾಟರಿಗೂ ಒಂದಿಷ್ಟು ಊಟ ಸಿಗುತ್ತದೆ, ನಾನು ಹಾಗೇ ಮಾಡುವುದು.

ಗ್ಯಾಸಿನ ಬಗ್ಗೆ ಎರಡೇ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಸೇರುತ್ತದೆ, ಹಾಗಾಗಿ ಅದರ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡ್‌ನದ್ದು ಬೇರೆಯೇ ಅಲಾರಂ, ಅದು ಮಲಗುವ ಜಾಗದ ಬಳಿ ಇರಲಿ. ಚಳಿಯೆಂದು ಒಲೆ ಹಚ್ಚಿಟ್ಟು ಕಿಟಕಿ ಮುಚ್ಚಿ ಮಲಗಿದವರು ಏಳದೇ ಹೋದದ್ದುಂಟು.

ಹೆಜ್ಜೆ 6: ಉಪ್ಪು

ಕಡಲ ಪಕ್ಕ ನಾಲ್ಕು ದಿನ ನಿಂತ ಗಾಡಿಯ ಗಾಜನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿ ನೋಡಿ. ಅದೇ ಉಪ್ಪು ಗಾಡಿಯ ಅಡಿಯಲ್ಲೂ ಕೂತಿರುತ್ತದೆ, ಅದು ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣ ತಿನ್ನುತ್ತದೆ. ಅಲ್ಯುಮಿನಿಯಂ ಮತ್ತು ಉಕ್ಕು ಕೂಡುವ ಜಾಗದಲ್ಲಿ ಇನ್ನೂ ಬೇಗ. ಕಡಲು ಬಿಟ್ಟ ದಿನವೇ ಸಿಹಿನೀರಿನಲ್ಲಿ ಅಡಿಭಾಗ, ಚಕ್ರದ ಗೂಡು, ಮೆಟ್ಟಿಲಿನ ಕೀಲು ತೊಳೆಯಿರಿ. ಬ್ಯಾಟರಿಯ ತುದಿಗಳಿಗೆ ವ್ಯಾಸಲೀನ್ ಸವರಿ. ಮೂರು ನಾಲ್ಕು ದಿನ ನಿಂತ ಬ್ರೇಕು ಹೊರಡುವಾಗ ಕರಕರ ಎಂದರೆ ಗಾಬರಿ ಬೇಡ, ಡಿಸ್ಕಿನ ಮೇಲಿನ ತೆಳು ತುಕ್ಕು ಕೆಲವು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ. ಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹೆಜ್ಜೆ 7: ಜಾಗದ ಪುಸ್ತಕ ಬರೆಯಿರಿ

ಗೊತ್ತಿರುವ ಜಾಗವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ ಬಿಗ್ ಸರ್ ತೀರದ 1ನೇ ಹೆದ್ದಾರಿ ಎಷ್ಟು ಮಂದಿಗೆ ಕಣ್ಣುಮುಚ್ಚಿ ಗೊತ್ತಿದ್ದ ದಾರಿ! 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡ ಕುಸಿದು ರಸ್ತೆಯನ್ನೇ ನುಂಗಿತು, ಮತ್ತೆ ತೆರೆದದ್ದು 2018ರ ಜುಲೈನಲ್ಲಿ. ಕಡಲಂಚಿನ ರಸ್ತೆಗಳಿಗೆ ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ. ಮುಚ್ಚಿದರೆ ಸುತ್ತುಬಳಸು ಬಹಳ. ಹೊರಡುವ ಹಿಂದಿನ ದಿನ ರಸ್ತೆಯ ಸ್ಥಿತಿ ನೋಡಿ, ಒಳನಾಡಿನ ಬದಲಿ ದಾರಿಯೊಂದನ್ನು ಎತ್ತರ-ಅಗಲ ಸಮೇತ ಪರಿಶೀಲಿಸಿಟ್ಟುಕೊಳ್ಳಿ.

ಅದಕ್ಕೇ ಪ್ರತಿ ತಾಣಕ್ಕೂ ಒಂದು ಪುಟ. ಫೋನಿನಲ್ಲಿ ಬರೆಯುತ್ತಿದ್ದೆ, ಫೋನು ನೀರಿಗೆ ಬಿದ್ದಮೇಲೆ ಕಾಗದಕ್ಕೆ ಬಂದೆ. ದೃಶ್ಯ ಚೆನ್ನಾಗಿತ್ತು, ಸೂರ್ಯಾಸ್ತ ಸೊಗಸಾಗಿತ್ತು ಎಂದೆಲ್ಲ ಬರೆಯಬೇಡಿ, ಅದು ನೆನಪಿರುತ್ತದೆ. ನೆನಪಿರದದ್ದನ್ನು ಬರೆಯಿರಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: 'ಮೂಲೆಯ ಜಾಗ ಬೇಡ, ಹುಣ್ಣಿಮೆ ಉಬ್ಬರಕ್ಕೆ ದಿಣ್ಣೆಯ ಬುಡದವರೆಗೆ ನೀರು ಬಂತು. ಮೂರನೇ ಜಾಗ ಗಟ್ಟಿ, ಹಿಂದಿನ ಎಡ ಚಕ್ರಕ್ಕೆ ಎರಡು ಅಡ್ಡೆ. ಗಾಳಿ ಎರಡು ಗಂಟೆಗೆ ಶುರು. ನಲ್ಲಿಯ ತಿರುಪು ದೊಡ್ಡದು, ದೊಡ್ಡ ಅಡಾಪ್ಟರ್ ಬೇಕು. ಉತ್ತರದ ಒಳರಸ್ತೆಯಲ್ಲಿ ಮುರಿದ ಕಲ್ಲುಗೋಡೆ ತನಕ ಹೋಗಬಹುದು, ಅಲ್ಲಿ ತಿರುಗಿಸಲು ಜಾಗವಿದೆ. ಆಚೆ ಏನಿದೆ, ಮುಂದಿನ ಸಲ ನಡೆದು ನೋಡುವುದು.'